ಪ್ರೇಕ್ಷಕರಿಲ್ಲದ ಮೈದಾನ

ಬೋರ್ಡಿನ ಮುಂದೆ ನಿಂತ ಕೂಡಲೇ ಅವರು ಬಲಗೈಯ ಗಾಜಿನ ಬಳೆಗಳನ್ನೆಲ್ಲ ಮೊಣಕೈಯವರೆಗೆ ಸರಿಸಿಕೊಳ್ಳುತ್ತಿದ್ದರು. ಆಮೇಲೆ ಸೀಮೆಸುಣ್ಣ ಹಿಡಿದು, ಕೈವಾರದ ಹಂಗಿಲ್ಲದೆ, ಭುಜದಿಂದಲೇ ತೋಳು ತಿರುಗಿಸಿ ಒಂದು ವೃತ್ತ ಎಳೆಯುತ್ತಿದ್ದರು. ಗೆರೆ ಹೊರಟ ಜಾಗಕ್ಕೇ ಬಂದು ಸೇರುತ್ತಿತ್ತು. ಹಿಂದಿನ ಬೆಂಚಿನ ಗಲಾಟೆ ಹುಡುಗರೂ ಅದನ್ನು ಕತ್ತೆತ್ತಿ ನೋಡುತ್ತಿದ್ದರು.

ಮುಳಬಾಗಿಲಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಅವರು ಗಣಿತದ ಮೇಡಂ. ನಾನು ಅದೇ ಶಾಲೆಗೆ ಹೊಸದಾಗಿ ಸೇರಿದ ವಿಜ್ಞಾನದ ಟೀಚರ್. ಮಾಲೂರು ಕಡೆಯ ಟೇಕಲ್ ನನ್ನೂರು. ದಿನಾ ಓಡಾಡಲು ಆಗದೆ ಮೇಡಂ ಮನೆಯ ಮಹಡಿ ಕೋಣೆಯಲ್ಲೇ ಬಾಡಿಗೆಗಿದ್ದೆ. ಅವರ ಯಜಮಾನರು ಪೌರೋಹಿತ್ಯ ಮಾಡುತ್ತಿದ್ದರು. ಮಕ್ಕಳಿರಲಿಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲೂ ನನ್ನ ಮುಂದೆಯೂ ಕನ್ನಡ, ಸಿಟ್ಟು ಬಂದಾಗ ಎರಡೂ. ನನ್ನನ್ನು ಮೊದಲ ದಿನದಿಂದಲೇ ತೆಲುಗಿನಲ್ಲಿ ‘ಅಮ್ಮಾಯಿ’, ಅಂದರೆ ಹುಡುಗಿ, ಎಂದೇ ಕರೆದರು, ಕೊನೆಯವರೆಗೂ ಹೆಸರು ಹಿಡಿದು ಕರೆಯಲಿಲ್ಲ.

ಅವರಿಗೆ ಎರಡು ಹುಚ್ಚಿದ್ದವು. ಒಂದು ರೇಖಾಗಣಿತ, ಇನ್ನೊಂದು ಕ್ರಿಕೆಟ್. ಸ್ಟಾಫ್ ರೂಮಿನ ಕಿಟಕಿಯಲ್ಲಿ ಪುಟ್ಟ ಟ್ರಾನ್ಸಿಸ್ಟರ್ ಇಟ್ಟುಕೊಂಡು, ಉತ್ತರ ಪತ್ರಿಕೆ ತಿದ್ದುತ್ತಲೇ ಕಾಮೆಂಟರಿ ಕೇಳುತ್ತಿದ್ದರು. ವಿಕೆಟ್ ಬಿದ್ದಾಗ ಕೈಗೆ ಸಿಕ್ಕಿದ ಪತ್ರಿಕೆಗೆ ಅಂಕ ಕಡಿಮೆಯಾಗುತ್ತದೆ ಎಂದು ಮಕ್ಕಳು ನಂಬಿದ್ದರು. ಅದು ಸುಳ್ಳು. ಆದರೆ ಮೇಡಂ ಆ ಮಾತನ್ನು ಯಾವತ್ತೂ ಅಲ್ಲಗಳೆಯಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಸಂಕ್ರಾಂತಿ ಕಳೆದ ವಾರದಲ್ಲಿ, ಬೆಳಿಗ್ಗೆ ಕಾಫಿ ಲೋಟ ಅವರ ಕೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಲು ಹೋದವರಿಗೆ ಏಳಲಾಗಲಿಲ್ಲ. ಲಕ್ವ. ಕೋಲಾರದ ಆಸ್ಪತ್ರೆಯಿಂದ ಮನೆಗೆ ಬಂದಾಗ ಮಾತು ಸರಿಯಾಗಿತ್ತು, ಕಾಲೂ ಮೆಲ್ಲಗೆ ನಡೆಯುತ್ತಿತ್ತು. ಬಲಗೈ ಮಾತ್ರ ಮಡಿಲಲ್ಲಿ ಇಟ್ಟಲ್ಲೇ ಇರುತ್ತಿತ್ತು.

ನೋಡಲು ಬಂದವರೆಲ್ಲ ಆ ಕೈಯನ್ನೇ ನೋಡಿ ‘ಅಯ್ಯೋ ಪಾಪ’ ಎನ್ನುತ್ತಿದ್ದರು. ಒಂದು ದಿನ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿ ಮೂಸಂಬಿ ಚೀಲ ಹಿಡಿದು ಬಂದರು.

“ಜೂನ್‌ನಿಂದ ನೀವು ಲೈಬ್ರರಿ ನೋಡ್ಕೊಳ್ಳಿ ಸಾಕು ಮೇಡಂ. ಆರಾಮಾಗಿ ಕೂತಿರ್ಬೋದು. ಗಣಿತಕ್ಕೆ ಬೇರೆ ಏರ್ಪಾಡು ಮಾಡ್ತೀವಿ” ಎಂದರು.

“ಜೂನ್‌ಗೆ ಬಂದು ಬೋರ್ಡ್ ಮೇಲೆ ಬರೀತೀನಿ. ಆಗ್ಲಿಲ್ಲ ಅಂದ್ರೆ ನಾನೇ ಹೇಳ್ತೀನಿ. ಅಲ್ಲೀವರ್ಗೂ ಯಾರನ್ನೂ ಹುಡುಕ್ಬೇಡಿ” ಎಂದರು ಮೇಡಂ.

ಅಲ್ಲಿಯವರೆಗಿನ ಏರ್ಪಾಡು ನಾನೇ ಆಗಿದ್ದೆ. ಪರೀಕ್ಷೆ ಹತ್ತಿರವಿದ್ದ ಹತ್ತನೇ ತರಗತಿಯ ಗಣಿತವನ್ನು ನನ್ನ ತಲೆಗೆ ಕಟ್ಟಿದ್ದರು. ಬೋರ್ಡಿನ ಮೇಲೆ ಪ್ರಮೇಯ ಅರ್ಧಕ್ಕೆ ಬಂದಾಗ ಮುಂದಿನ ಹೆಜ್ಜೆ ಮರೆತು ನಿಲ್ಲುತ್ತಿದ್ದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಒಂದು ಸಂಜೆ ಮೇಡಂ ಎದುರು ಕೂತು, ಈ ಕೆಲಸ ನನ್ನಿಂದಾಗದು, ವರ್ಷ ಮುಗಿದ ಮೇಲೆ ಊರಿಗೆ ಹೋಗಿ ಅಪ್ಪನ ಜೊತೆ ತೋಟ ನೋಡಿಕೊಳ್ಳುತ್ತೇನೆ ಎಂದೆ. ಅವರು ಸಮಾಧಾನವನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. “ಜೂನ್ ಬರ್ಲಿ. ಇಬ್ರೂ ಒಟ್ಟಿಗೇ ತೀರ್ಮಾನ ಮಾಡೋಣ” ಎಂದರು.

ಬೆರಳುಗಳ ವ್ಯಾಯಾಮಕ್ಕೆಂದು ಕೋಲಾರದ ಡಾಕ್ಟರಮ್ಮ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ಹಿಸುಕಿ ಹಿಸುಕಿ ಮೇಡಂಗೆ ಬೇಸರ ಹತ್ತಿತು. ಆಗ ಅವರಿಗೆ ನನ್ನ ಕೋಣೆಯ ಕಂಪ್ಯೂಟರ್ ನೆನಪಾಯಿತು. ನನ್ನ ಅಣ್ಣ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಹಳೆಯದೆಂದು ಮೂಲೆಗೆ ಹಾಕಿದ್ದನ್ನು ಅವನು ನನಗೆ ತಂದುಕೊಟ್ಟಿದ್ದ. ಅದರಲ್ಲಿ ಒಂದು ಕ್ರಿಕೆಟ್ ಆಟವನ್ನೂ ಹಾಕಿದ್ದ. ಬಾಣದ ಗುರುತಿನ ಕೀಗಳಿಂದ ಬ್ಯಾಟ್ಸ್‌ಮನ್ನನ್ನು ಸರಿಸಬೇಕು, ಪಕ್ಕದ ಕೀ ಒತ್ತಿ ಹೊಡೆಯಬೇಕು. ಎಲ್ಲವೂ ಬಲಗೈ ಬೆರಳುಗಳ ಕೆಲಸ.

ಮೇಡಂ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಎಡಗೈಯಿಂದ ಬಲಗೈಯನ್ನು ಎತ್ತಿ ಕೀಬೋರ್ಡಿನ ಮೇಲಿಟ್ಟರು. ಆಟ ಶುರುವಾಯಿತು. ಆದರೆ ಆ ಕಂಪ್ಯೂಟರಿಗೆ ಆ ಆಟ ಹೊರಲಾರದ ಹೊರೆ. ಬೌಲರ್ ಎರಡು ಹೆಜ್ಜೆ ಓಡಿ ಕಲ್ಲಾಗಿ ನಿಲ್ಲುತ್ತಿದ್ದ. ಚಿತ್ರ ಮತ್ತೆ ಅಲುಗಾಡುವ ಹೊತ್ತಿಗೆ ಚೆಂಡು ವಿಕೆಟ್ಟಿಗೆ ಬಡಿದಾಗಿರುತ್ತಿತ್ತು.

“ಬಿಡಿ ಮೇಡಂ, ಮಿಷನ್ ಹಳೇದು. ಇದ್ರಲ್ಲಿ ಆಗಲ್ಲ” ಎಂದೆ.

ಅವರು ತೆರೆಯನ್ನೇ ದಿಟ್ಟಿಸುತ್ತಿದ್ದರು. “ನನ್ ಕೈ ನಿಧಾನ, ಒಪ್ಕೋತೀನಿ. ಇದೂ ನಿಧಾನ ಅಂದ್ರೆ, ತಪ್ಪು ಯಾರ್ದು ಅಂತ ಗೊತ್ತಾಗೋದು ಹೆಂಗೆ? ಮೊದ್ಲು ಇದನ್ನ ಸರಿ ಮಾಡ್ಬೇಕು ಅಮ್ಮಾಯಿ.”

ಮುಂದಿನ ಸಲ ಆಸ್ಪತ್ರೆಗೆಂದು ಕೋಲಾರಕ್ಕೆ ಹೋದಾಗ, ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ನನ್ನನ್ನು ಎಳೆದುಕೊಂಡು ಹೋದರು. ಒಳಗೆ ಕೂತಿದ್ದ ಕಾಲೇಜು ಹುಡುಗರೆಲ್ಲ ಕತ್ತು ತಿರುಗಿಸಿದರು. ರೇಷ್ಮೆ ಅಂಚಿನ ಸೀರೆ, ಕಾಸಗಲ ಕುಂಕುಮ, ಸೋತ ಕೈ. ಮೇಡಂ ಯಾರನ್ನೂ ಲೆಕ್ಕಿಸದೆ ಅಂಗಡಿಯವನಿಗೆ ಆಟದ ಹೆಸರು ಹೇಳಿ, ಅದು ತಡವರಿಸುವ ಬಗೆಯನ್ನು ವಿವರಿಸಿದರು. ಅವನು ಬಹಳ ಹೊತ್ತು ಹುಡುಕಿ, ಎಲ್ಲಿಯೋ ಯಾರೋ ಆಟದ ಅಭಿಮಾನಿಗಳು ಹಳೆಯ ಕಂಪ್ಯೂಟರುಗಳಿಗೆಂದೇ ಮಾಡಿಟ್ಟಿದ್ದ ಫೈಲುಗಳನ್ನು ತೋರಿಸಿದ. ಅವನ್ನು ಆಟದೊಳಗೆ ಸೇರಿಸಿದರೆ ಮೈದಾನದ ಜನ, ನೆರಳು, ಜಾಹೀರಾತು ಫಲಕಗಳು ಎಲ್ಲ ಹೋಗಿ ಆಟ ಹಗುರಾಗುತ್ತದಂತೆ.

“ಇದಕ್ಕೆ ಮಾಡ್ ಅಂತಾರೆ ಮೇಡಂ. ಆದ್ರೆ ಹಾಕಿದ್ಮೇಲೆ ಗೇಮೇ ಓಪನ್ ಆಗ್ದಿದ್ರೆ ನನ್ನ ಕೇಳ್ಬೇಡಿ” ಎಂದ.

“ಹೆಸ್ರೇ ಮಾಡ್ ಅಂತಲ್ಲಪ್ಪ! ಮಾಡು ಅಂತ ಅದೇ ಹೇಳ್ತಿದೆ. ಮಾಡೋಣ, ಸೀಡಿಗೆ ಹಾಕ್ಕೊಡು” ಎಂದರು ಮೇಡಂ. ಅಂಗಡಿಯವನಿಗೂ ನಗು ಬಂತು.

ಮನೆಗೆ ಬಂದು ಸೀಡಿ ಹಾಕಿದೆ. ಫೈಲುಗಳ ಜೊತೆ ಇಂಗ್ಲಿಷಿನಲ್ಲಿ ಒಂದು ಪುಟ ಸೂಚನೆಯಿತ್ತು. ಮೊದಲು ಹಳೆಯ ಆಟವನ್ನು ಪೂರ್ತಿ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ ಎಂದಿತ್ತು. ಹಾಗೆಯೇ ಮಾಡಿದೆ. ಆಮೇಲೆ ಹೊಸ ಫೈಲುಗಳನ್ನೆಲ್ಲ ಒಟ್ಟಿಗೆ ಆಟದ ಫೋಲ್ಡರಿಗೆ ಸುರಿದೆ. ಹಳೆಯದರ ಮೇಲೆ ಹೊಸದನ್ನು ಹಾಕಲೇ ಎಂದು ಕಂಪ್ಯೂಟರ್ ಕೇಳಿದ್ದಕ್ಕೆಲ್ಲ ಹೌದು ಒತ್ತಿದೆ. ಆಟ ತೆರೆದರೆ ತೆರೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು.

“ಆಯ್ತು, ಹಾಳ್ಮಾಡಿಬಿಟ್ಟೆ” ಎಂದು ನಾನು ಕುರ್ಚಿಯಿಂದ ಎದ್ದೆ.

“ಎಲ್ಲಿಗೆ? ಕೂತ್ಕೋ. ಹಳೇದು ಜೋಪಾನವಾಗಿದೆ ತಾನೆ? ಅದನ್ನ ವಾಪಸ್ ಹಾಕು” ಎಂದರು.

ಹಾಕಿದೆ. ಮೊದಲಿನ ತಡವರಿಸುವ ಆಟ ಮತ್ತೆ ಬಂತು.

“ನೋಡು, ಏನೂ ಹಾಳಾಗಿಲ್ಲ. ಲೆಕ್ಕದಲ್ಲಿ ಎಲ್ಲಾ ಸ್ಟೆಪ್ಪೂ ಒಟ್ಟಿಗೆ ಬರೆದ್ರೆ ಎಲ್ಲಿ ತಪ್ಪಾಯ್ತು ಅಂತ ಹೆಂಗೆ ಹುಡುಕ್ತೀಯ? ಒಂದೊಂದೇ ಹಾಕು. ಒಂದು ಹಾಕಿ, ಆಟ ತೆರೆದು ನೋಡು. ಸರಿ ಇದ್ರೆ ಮುಂದಿಂದು. ಸರಿ ಇಲ್ದಿದ್ರೆ ಹಿಂದಕ್ಕೆ.”

ಹಾಗೆ ಶುರುವಾಯಿತು. ಆ ಕಂಪ್ಯೂಟರಿನಲ್ಲಿ ಆಟ ಒಂದು ಸಲ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕಾಸಿಕೊಂಡು ಬರಬಹುದಿತ್ತು. ಜನರನ್ನು ತೆಗೆದೆವು, ಆಟ ತೆರೆಯಿತು. ಫಲಕಗಳನ್ನು ತೆಗೆದೆವು, ತೆರೆಯಿತು. ನೆರಳು ತೆಗೆದೆವು, ತೆರೆಯಿತು. ನಡುವೆ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಕೂತೆವು. ನನಗೆ ತಾಳ್ಮೆ ತಪ್ಪಿ ಎರಡು ಫೈಲು ಒಟ್ಟಿಗೆ ಹಾಕಲು ಹೋದರೆ, “ವದ್ದು, ವದ್ದು! ಬೇಡ, ಒಂದೇ!” ಎಂದು ತೆಲುಗು ಕನ್ನಡ ಎರಡರಲ್ಲೂ ತಡೆದರು. ಕೊನೆಗೆ ಹುಲ್ಲಿನ ಫೈಲು ಹಾಕಿದಾಗ ತೆರೆ ಕಪ್ಪಾಯಿತು. ತಪ್ಪು ಸಿಕ್ಕಿತ್ತು.

“ದೊರಿಕಿಂದಿ! ಹುಲ್ಲು ಹಳೇದೇ ಇರ್ಲಿ ಬಿಡು. ನಮ್ಮೂರಲ್ಲಂತೂ ಅಷ್ಟು ಹಸಿರು ನೋಡೋಕೆ ಸಿಗಲ್ಲ.”

ಹುಲ್ಲನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಬದಲಾಯಿಸಿದೆವು. ಬೌಲರ್ ಓಡಿ ಬಂದ, ಎಲ್ಲೂ ನಿಲ್ಲದೆ ಕೈ ತಿರುಗಿಸಿದ. ಚೆಂಡು ನೆಲಕ್ಕೆ ಬಿದ್ದು ಪುಟಿದು ಬರುವುದು ಪೂರ್ತಿ ಕಾಣಿಸಿತು. ಮೇಡಂ ಬೆರಳು ಒತ್ತಿದರು, ತಡವಾಯಿತು, ವಿಕೆಟ್ ಹಾರಿತು.

“ಅಮ್ಮಾಯಿ! ಇದು ನನ್ನದೇ ತಪ್ಪು!” ಎಂದು ಅವರು ಕೂಗಿದ ಸಂತೋಷವನ್ನು ಹೇಗೆ ಹೇಳಲಿ? ಲಕ್ವ ಹೊಡೆದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಗಲಾಟೆ ಕೇಳಿ ಯಜಮಾನರು ಮೇಲೆ ಬಂದರು. ಬಾಗಿಲಲ್ಲೇ ನಿಂತು ತೆರೆ ನೋಡಿ, “ಇದೇನೇ, ಮೈದಾನದಲ್ಲಿ ಒಬ್ರೂ ಇಲ್ಲ? ಜನ ಎಲ್ಲೋದ್ರು?” ಎಂದರು.

“ಕಳಿಸಿಬಿಟ್ವಿ. ಸುತ್ತ ಅಷ್ಟು ಜನ ನೋಡ್ತಾ ಕೂತ್ರೆ ಕೆಲ್ಸ ಸಾಗಲ್ಲ.”

ಮಾರನೆಯ ದಿನದಿಂದ ಮೇಡಂ, ನೋಡಲು ಬಂದವರಿಗೆಲ್ಲ ತಮಗೆ ಕೆಲಸವಿದೆ ಎಂದು ಹೇಳಿ ಕಳಿಸತೊಡಗಿದರು. ಬೆಳಿಗ್ಗೆ ಬಲಗೈಗೆ ಎಡಗೈಯ ಆಸರೆ ಕೊಟ್ಟು ಹಿತ್ತಲ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಯುವುದು, ಮಧ್ಯಾಹ್ನ ಮಹಡಿಯಲ್ಲಿ ಆಟ. ಮೊದಮೊದಲು ಪ್ರತಿ ಚೆಂಡಿಗೂ ಔಟು. ಬೆರಳು ಬಾಗಿದರೆ ಬೇಗ ಬಿಚ್ಚಿಕೊಳ್ಳುತ್ತಿರಲಿಲ್ಲ. ಸಿಟ್ಟಿನಲ್ಲಿ ಬಲಗೈಗೇ ಬೈಯುತ್ತಿದ್ದರು. ಒಮ್ಮೆ ಕಣ್ಣೀರೂ ಬಂತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಕೈ ಎತ್ತಿಟ್ಟರು. ಯುಗಾದಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಚೆಂಡು ಬ್ಯಾಟಿಗೆ ತಾಗತೊಡಗಿತು. ಹೆಂಚು ಕಾದ ಆ ಕೋಣೆಯಲ್ಲಿ ಮೊದಲ ಬೌಂಡರಿ ಹೋದಾಗ ಕೆಳಗಿನಿಂದ ಯಜಮಾನರು, “ಏನೇ ಅದು, ನಾಲ್ಕಾ?” ಎಂದು ಕೇಳಿದರು. ಕೋಲಾರದ ಡಾಕ್ಟರಮ್ಮ ಬೆರಳುಗಳನ್ನು ಮುಟ್ಟಿ ನೋಡಿ, ಏನು ಮಾಡುತ್ತಿದ್ದೀರೋ ಅದನ್ನು ನಿಲ್ಲಿಸಬೇಡಿ ಎಂದರು.

ಆ ಬೇಸಿಗೆ ರಜೆಯಲ್ಲಿ, ಆಟ ಮುಗಿದ ಮೇಲೆ, ಮೇಡಂ ನನ್ನಿಂದಲೂ ಕೆಲಸ ಮಾಡಿಸಿದರು. ಹತ್ತನೇ ತರಗತಿಯ ಒಂದೊಂದು ಪ್ರಮೇಯವನ್ನೂ ಹಿತ್ತಲ ಗೋಡೆಯ ಮೇಲೆ ಬರೆಸಿದರು. ನಾನು ತಡವರಿಸಿದರೆ ಉತ್ತರ ಹೇಳುತ್ತಿರಲಿಲ್ಲ. “ಸರಿ ಇದ್ದ ಜಾಗಕ್ಕೆ ವಾಪಸ್ ಹೋಗು. ಅಲ್ಲಿಂದ ಒಂದೇ ಒಂದು ಹೆಜ್ಜೆ ಇಡು” ಎನ್ನುತ್ತಿದ್ದರು.

ಜೂನ್ ಬಂತು. ಕಾರ್ಯದರ್ಶಿಯವರೂ ಮುಖ್ಯೋಪಾಧ್ಯಾಯರೂ ಹಿಂದಿನ ಬೆಂಚಿನಲ್ಲಿ ಕೂತರು. ಬಾಗಿಲ ಪಕ್ಕ ನಾನು ನಿಂತಿದ್ದೆ. ಮೇಡಂ ಬೋರ್ಡಿಗೆ ಹೋಗಿ ಮೊದಲ ಸಾಲು ಬರೆದರು. ಅಕ್ಷರ ದೊಡ್ಡದಾಗಿತ್ತು, ಸಾಲು ಕೆಳಕ್ಕೆ ಜಾರಿತು. ಸೀಮೆಸುಣ್ಣ ಕೈಯಿಂದ ಬಿತ್ತು. ಅವರು ಬಗ್ಗಿ ಅದನ್ನೆತ್ತಿಕೊಂಡು, ಸಾಲನ್ನು ಒರೆಸಿ, ಮತ್ತೆ ಬರೆದರು. ಈ ಸಲ ನೆಟ್ಟಗೆ ಬಂತು. ವೃತ್ತದ ಸರದಿ ಬಂದಾಗ ಮರದ ಕೈವಾರ ಕೇಳಿ ತೆಗೆದುಕೊಂಡರು.

“ಇನ್ಮೇಲೆ ನಂಗೂ ಇದು ಬೇಕು ಕಣ್ರೋ. ನೀವೂ ತರೋದು ಮರೀಬೇಡಿ” ಎಂದು ಮಕ್ಕಳಿಗೆ ಹೇಳಿ ಪಾಠ ಮುಂದುವರಿಸಿದರು. ಪಾಠ ಮುಗಿದ ಮೇಲೆ ಕಾರ್ಯದರ್ಶಿಯವರು ಲೈಬ್ರರಿಯ ಮಾತೆತ್ತದೆ ಕೈಮುಗಿದು ಹೋದರು.

ಸಂಜೆ ಮನೆಯಲ್ಲಿ, “ನಂದು ತೀರ್ಮಾನ ಆಯ್ತು. ನಿಂದೇನು?” ಎಂದು ಕೇಳಿದರು. ನಾನೂ ಉಳಿಯುತ್ತೇನೆ ಎಂದೆ.

ನಿವೃತ್ತಿಯವರೆಗೂ ಅವರು ಬೋರ್ಡಿನ ಮೇಲೆ ಬರೆದೇ ಪಾಠ ಮಾಡಿದರು. ನಾನು ಆ ಹೊತ್ತಿಗೆ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿ ಶ್ರೀನಿವಾಸಪುರದ ಕಡೆ ಹೋಗಿದ್ದೆ. ಅವರಿಗೆ ಮತ್ತೊಮ್ಮೆ ಲಕ್ವವಾಯಿತೆಂದು ತಿಳಿದು ನೋಡಲು ಹೋದಾಗ ಬಲಗೈ ಪೂರ್ತಿ ಸೋತಿತ್ತು. ಅಳು ತಡೆದುಕೊಂಡು ಪಕ್ಕದಲ್ಲಿ ಕೂತೆ. ಮಂಚದ ಮೇಲೆ ಸ್ಲೇಟಿತ್ತು. ಅದರ ತುಂಬ ಒಂದರಿಂದ ಒಂಬತ್ತರವರೆಗಿನ ಅಂಕಿಗಳು, ಒಂದನೇ ತರಗತಿಯ ಮಕ್ಕಳ ಬರಹದಂತೆ.

“ಯಾರು ಬರೆದಿದ್ದು ಮೇಡಂ?”

“ನಾನೇ” ಎಂದು ಎಡಗೈ ಎತ್ತಿ ತೋರಿಸಿದರು. ಮಾತು ತೊದಲುತ್ತಿತ್ತು, ಕಣ್ಣು ಮಾತ್ರ ಹಾಗೇ ಇತ್ತು. “ಇದೊಂದಿದೆಯಲ್ಲ ಅಮ್ಮಾಯಿ. ಇದನ್ನ ಇಷ್ಟು ವರ್ಷ ಸುಮ್ನೆ ಬಿಟ್ಟಿದ್ದೆ.”

ಆ ಚಳಿಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು. ಯಜಮಾನರು ಫೋನ್ ಮಾಡಿದಾಗ ಶಾಲೆಯ ಗಂಟೆ ಹೊಡೆಯುವ ಸಮಯ. ಮೊದಲ ಬಸ್ಸಿಗೆ ಮುಳಬಾಗಿಲಿಗೆ ಹೋಗಿ ಅವರ ಕಾಲು ಮುಟ್ಟಿ ಬಂದೆ. ಮಾರನೆಯ ದಿನ ತರಗತಿಯಲ್ಲಿ ಒಬ್ಬ ಹುಡುಗಿ ಬೋರ್ಡಿನ ಮುಂದೆ ಲೆಕ್ಕ ಅರ್ಧಕ್ಕೆ ಬಿಟ್ಟು, ತನ್ನಿಂದ ಆಗುವುದಿಲ್ಲ ಎಂದು ಅಳತೊಡಗಿದಳು. ಎದ್ದು ಹೋಗಿ ಅವಳ ಪಕ್ಕ ನಿಂತೆ. ಉತ್ತರ ಹೇಳಲಿಲ್ಲ. ಎಲ್ಲಿಯವರೆಗೆ ಸರಿಯಿದೆ ತೋರಿಸು ಎಂದೆ. ಅವಳು ತೋರಿಸಿದಳು. ಅಲ್ಲಿಂದ ಇಬ್ಬರೂ ಮುಂದುವರಿದೆವು.