ದೇವಕ್ಕ ತಿರುಗಿ ಬರಲಿಲ್ಲ

ದೇವಕ್ಕ ತಿರುಗಿ ಬರಲಿಲ್ಲ. ಬಂದಳು ಎಂದು ಓದಿದವಳು ನಾನು.

ಪುಸ್ತಕದಲ್ಲಿ ಇಲ್ಲದ್ದನ್ನು ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ಓದಿದೆ. ಕೇಳುತ್ತಿದ್ದವರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ — ಅದು ಗೊತ್ತಿದ್ದೇ ಓದಿದೆ. ದೇವಕ್ಕ ಒಂದು ಕಾದಂಬರಿಯ ಹೆಂಗಸು. ಆಕೆಗೆ ನಾನೇನು ಮಾಡಿದರೂ ನೋವಾಗುವುದಿಲ್ಲ. ಅನ್ಯಾಯವಾದದ್ದು ನನ್ನ ನೆಗೆಣ್ಣಿ ಮಹಾನಂದಾಗೆ, ನನ್ನ ಮೈದುನನ ಹೆಂಡತಿಗೆ. ಒಂದೇ ಒಲೆಯ ಹತ್ತಿರ ಕೂತು ಇಷ್ಟು ವರ್ಷ ಒಬ್ಬರನ್ನೊಬ್ಬರು ಸಹಿಸಿಕೊಂಡು ಬಂದವರು ನಾವು. ಪ್ರೀತಿಯಿತ್ತು ಎಂದು ಇಲ್ಲಿ ಬರೆದರೆ ಅದೂ ಸುಳ್ಳೇ ಆದೀತು.

ನಮ್ಮದು ಸೋಲಾಪುರದಲ್ಲಿ ಕಡಕ್ ರೊಟ್ಟಿಯ ಮನೆ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಹಂಚಿನಿಂದ ತೆಗೆದು ಒಲೆಯ ಸುತ್ತ ನಿಲ್ಲಿಸಿ, ಹಪ್ಪಳದ ಹಾಗೆ ಒಣಗಿಸಿ, ಶೇಂಗಾ ಚಟ್ನಿಯ ಜೊತೆ ಅಂಗಡಿಗಳಿಗೆ ಕೊಡುತ್ತೇವೆ. ಗಂಡಸರು ಊಟ ಮಾಡಿ ಹೋದ ಮೇಲೆ ಕೂತರೆ ಹೊತ್ತು ಮುಳುಗುವ ತನಕ ಅದೇ ಕೆಲಸ. ಬೇಸಿಗೆಯಲ್ಲಿ ಆ ಅಡಿಗೆಮನೆಯೊಳಗೆ ಕೂತವರಿಗೇ ಗೊತ್ತು. ಹೊರಗೂ ಹಂಚು, ಒಳಗೂ ಹಂಚು.

ಮನೆಯ ಮಾತು ಕನ್ನಡ, ಓದುಬರಹ ಮರಾಠಿ. ಅತ್ತೆ ಬೋರಾಮಣಿ ಊರಿನವರು, ಸಾಲಿಯ ಮೆಟ್ಟಿಲನ್ನೇ ಹತ್ತಲಿಲ್ಲ. ಮಹಾನಂದಾ ಸಲಗರ ಬುದ್ರುಕದಲ್ಲಿ ಮರಾಠಿ ಸಾಲಿಗೆ ಹೋದವಳು. ನನ್ನ ತವರು ವಾಗದರಿಯ ಕನ್ನಡ ಸಾಲಿಯಲ್ಲಿ ಕೂತು ಎದ್ದವಳು ನಾನೊಬ್ಬಳು. ಹಾಗಾಗಿ ತವರಿನಿಂದ ತಂದ ಕಾದಂಬರಿಗಳನ್ನು ರೊಟ್ಟಿಯ ಹೊತ್ತಿನಲ್ಲಿ ನಾನು ಗಟ್ಟಿಯಾಗಿ ಓದುವುದು ರೂಢಿಯಾಯಿತು. ಅತ್ತೆಯದೇ ಒಂದು ಕಟ್ಟಳೆಯಿತ್ತು: "ಓದಾಕಿ ಬಡಿಯಂಗಿಲ್ಲ. ಹಿಟ್ಟಿನ ಕೈ ಪುಸ್ತಕಕ್ಕ ಹತ್ತತೈತಿ." ಓದುವವಳಿಗೆ ಕಿಟಕಿಯ ಬದಿ, ಜೋಳದ ಚೀಲದ ಮೇಲೆ ಜಾಗ. ಅಲ್ಲಿ ಒಂದಿಷ್ಟು ಗಾಳಿ ಬರುತ್ತಿತ್ತು.

ಆ ಜಾಗ — ಎಲ್ಲ ಅಲ್ಲಿಂದಲೇ ಶುರುವಾದದ್ದು.

ಮಹಾನಂದಾ ಒಲೆಯ ಮುಂದೆ ಬೆವರೊರೆಸಿಕೊಳ್ಳುತ್ತ ಹಂಗಿಸುತ್ತಿದ್ದಳು, "ಅಕ್ಕಾ, ನಿನ್ನ ರೊಟ್ಟಿ ಯಾವತ್ತೂ ಸೀಯಂಗಿಲ್ಲ ನೋಡು. ಬಡದ್ರ ಅಲ್ಲೇನ ಸೀಯೂದು."

ನಾನೂ ಬಿಡುತ್ತಿರಲಿಲ್ಲ. "ನೀ ಬಂದು ಓದು, ನಾ ಬಡೀತೀನಿ. ಅಕ್ಷರಾ ಗುರುತ ಸಿಗತಾವೇನು?"

"ಬಾಯಿ ಮುಚ್ಚ್ರಿ ಇಬ್ಬರೂ," ಅತ್ತೆ ಗದರುತ್ತಿದ್ದರು. "ದೇವಕ್ಕ ಬಾಗಿಲದಾಗ ನಿಂತಾಳ, ಪಾಪ. ಆಕಿನ್ನ ಒಳಗರೆ ಕರೀರಿ, ಹೊರಗರೆ ಹಾಕ್ರಿ."

ಅತ್ತೆಗೆ ಕಾದಂಬರಿ ಎಂದರೆ ಓಣಿಯಲ್ಲೇ ನಡೆಯುವ ಸಂಗತಿ.

ಆ ಪುಸ್ತಕದ ರಟ್ಟು ಕಿತ್ತು ಹೋಗಿತ್ತು, ಹೆಸರು ಯಾರಿಗೂ ಗೊತ್ತಿರಲಿಲ್ಲ. ದೇವಕ್ಕನ ಕಥೆ ಎನ್ನುತ್ತಿದ್ದೆವು. ಗಂಡ ಬೇರೆ ಊರಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ. ಅತ್ತೆ ಕಂಡೂ ಕಾಣದ ಹಾಗೆ ಇದ್ದಾಳೆ. ದೇವಕ್ಕ ಒಂದು ದಿನ ಮನೆ ಬಿಟ್ಟು ಪಟ್ಟಣಕ್ಕೆ ಹೋಗಿ ಖಾನಾವಳಿ ಇಡುತ್ತಾಳೆ. ಮುಂದೆ ಆಕೆಯ ಗತಿ ಏನಾಯಿತು — ಅದು ಕೊನೆಯ ಅಧ್ಯಾಯದಲ್ಲಿತ್ತು.

ಓದುತ್ತ ಹೋದಂತೆ ಮಹಾನಂದಾ ಹಂಗಿಸುವುದನ್ನು ಬಿಟ್ಟಳು. ಯಾಕೆಂದು ಮೂವರಿಗೂ ಗೊತ್ತಿತ್ತು. ನನ್ನ ಮೈದುನ ಪುಣೆಯ ದಾರಿಯಲ್ಲಿ ಲಾರಿ ಓಡಿಸುತ್ತಿದ್ದ, ಅಲ್ಲೇ ಒಬ್ಬಳ ಜೊತೆ ಮನೆ ಮಾಡಿದ್ದ, ಅಮಾವಾಸ್ಯೆಗೊಮ್ಮೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಅದೇ ಹೊತ್ತಿಗೆ ಅಕ್ಕಲಕೋಟೆಯಿಂದ ಮಹಾನಂದಾಳ ಮಾವಶಿ, ತಾಯಿಯ ತಂಗಿ, ಕರೆ ಕಳಿಸಿದ್ದರು. ಎಸ್.ಟಿ. ಬಸ್ ನಿಲ್ದಾಣದ ಹತ್ತಿರ ಯಾತ್ರಿಕರಿಗೆ ಊಟ ಹಾಕುವ ಖಾನಾವಳಿ ಅವರದು. ಮಕ್ಕಳಿಲ್ಲ, ಮೊಣಕಾಲು ಹಿಡಿದುಬಿಟ್ಟಿತ್ತು. "ಕೂಸಿನ್ನ ಕರಕೊಂಡು ಬಂದುಬಿಡು. ದೀಪಾವಳಿ ಮಟ ಹಾದಿ ನೋಡ್ತೀನಿ, ಆಮ್ಯಾಲ ಬ್ಯಾರೇದವರಿಗಿ ಕೊಡ್ತೀನಿ," ಎಂದಿದ್ದರು. ಕೂಸು ಎಂದರೆ ವೈಶಾಲಿ, ಆಗ ಬಾಲವಾಡಿಗೆ ಹೋಗುತ್ತಿದ್ದಳು.

ಅತ್ತೆ ಒಂದೇ ಮಾತು ಹೇಳಿದ್ದರು: "ಹೋದ್ರ ಈ ಹೊಸ್ತಿಲಾ ತಿರುಗಿ ತುಳೀಬ್ಯಾಡ."

ಮಹಾನಂದಾ ಹಿಟ್ಟು ನಾದುತ್ತ, ನಗುತ್ತ ಅಂದಳು, "ದೇವಕ್ಕಂದೇನ ಆಗತೈತಿ ನೋಡೂಣು ತಡೀರಿ. ಆಮ್ಯಾಲ ಹೇಳ್ತೀನಿ." ನಗೆಯಲ್ಲೇ ಅಂದಳು. ಆದರೆ ಆಕೆಯ ಕೈ ಹಿಟ್ಟಿನಲ್ಲಿ ನಿಂತುಬಿಟ್ಟಿತ್ತು.

ಕೊನೆಯ ಅಧ್ಯಾಯವನ್ನು ನಾನು ಮುಂಜಾನೆಯೇ ಒಬ್ಬಳೇ ಓದಿಕೊಂಡಿದ್ದೆ. ದೇವಕ್ಕನ ಖಾನಾವಳಿ ಚೆನ್ನಾಗಿ ನಡೆಯುತ್ತಿದೆ. ಒಂದು ಮಧ್ಯಾಹ್ನ ಹಸಿದು ಬಂದವರ ನಡುವೆ ಆಕೆಯ ಗಂಡನೂ ಬಂದು ಕೂಡುತ್ತಾನೆ. ಆಕೆ ಗುರುತು ಹೇಳುವುದಿಲ್ಲ, ಬಯ್ಯುವುದಿಲ್ಲ. ಇನ್ನೊಂದು ರೊಟ್ಟಿ ಹಾಕಲೇ ಎಂದು ಎಲ್ಲರನ್ನೂ ಕೇಳುವ ಹಾಗೆಯೇ ಅವನನ್ನೂ ಕೇಳುತ್ತಾಳೆ. ಅವನು ಉಂಡು ಹೋದ ಮೇಲೆ ಅವನ ತಾಟನ್ನು ಉಳಿದ ತಾಟುಗಳ ಜೊತೆಗೇ ತೊಳೆದು ಬೋರಲು ಹಾಕುತ್ತಾಳೆ. ಅಲ್ಲಿಗೆ ಮುಗಿಯಿತು.

ಓದಿ ನನಗೆ ಕಣ್ಣೀರು ಬರಲಿಲ್ಲ. ಸಿಟ್ಟು ಬಂತು. ಇದನ್ನು ಓದಿದರೆ ಇವಳು ಹೋಗುತ್ತಾಳೆ. ಹೋದರೆ ಒಲೆಯ ಮುಂದೆ — ನಾನು. ವಯಸ್ಸಾದ ಅತ್ತೆಯ ಕೈಯಲ್ಲಿ ಆಗಲೇ ರೊಟ್ಟಿ ನಿಲ್ಲುತ್ತಿರಲಿಲ್ಲ. ಕಿಟಕಿ ಬಿಟ್ಟು ಇಳಿಯಬೇಕಾದವಳು ನಾನೇ. ಇಷ್ಟೇ ಕಾರಣ. ದೊಡ್ಡ ಹಗೆ ಏನಾದರೂ ಇದ್ದಿದ್ದರೆ ಹೇಳಿಕೊಳ್ಳಲಾದರೂ ಬರುತ್ತಿತ್ತು. ಇನ್ನೂ ಒಂದಿತ್ತು, ಅದನ್ನೂ ಬರೆಯುತ್ತೇನೆ: ಅವಳಿಗೆ ಹೋಗುವುದಕ್ಕೆ ಒಂದು ಜಾಗ ಇತ್ತು. ನನ್ನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ.

ಮಧ್ಯಾಹ್ನ ಚೀಲದ ಮೇಲೆ ಕೂತೆ. ಖಾನಾವಳಿ ಮುಳುಗಿತು ಎಂದು ಓದಿದೆ. ಪಟ್ಟಣದ ಜನ ಆಡಿಕೊಂಡರು ಎಂದು ಓದಿದೆ. ನಡುನಡುವೆ ಹಾಳೆ ತಿರುವಲು ಮರೆಯಲಿಲ್ಲ. ಸುಳ್ಳು ಗಿಡ್ಡದಾಗಿ ಹಾಳೆಗಳು ಉಳಿದಾಗ ಎರಡೆರಡು ಸೇರಿಸಿ ತಿರುವಿದೆ. ಕೊನೆಗೆ ದೇವಕ್ಕನನ್ನು ತಂದು ಅತ್ತೆಯ ಮನೆಯ ಹೊಸ್ತಿಲ ಮೇಲೆ ಕೆಡವಿದೆ. ಆಕೆಯ ಬಾಯಲ್ಲಿ ಒಂದು ಮಾತು ಹಾಕಿದೆ: "ಮನಿ ಬಿಟ್ಟಾಕಿಗಿ ಅನ್ನ ಸಿಗತೈತಿ, ನೆಳ್ಳ ಸಿಗಂಗಿಲ್ಲ."

ಎಲ್ಲಿಂದ ಬಂತೋ ಆ ನೆರಳಿನ ಮಾತು. ಬರೆದವರು ಬರೆದ ಮಾತುಗಳಿಗಿಂತ ಅದೇ ಗಟ್ಟಿಯಾಗಿ ಕೇಳಿಸಿತು.

ಮಹಾನಂದಾ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಲೇ ಇಲ್ಲ. ಸೀದ ವಾಸನೆ ಬಂತು. ಆಮೇಲೆ ಅದನ್ನು ತೆಗೆದು ಬದಿಗಿಟ್ಟು ಅಂದಳು, "ಮಾವಶಿಗಿ ಫೋನ್ ಮಾಡಿ ಹೇಳ್ತೀನಿ. ನಾ ಬರಂಗಿಲ್ಲ ಅಂತ."

ಅತ್ತೆ ಅಳುತ್ತಿದ್ದರು. ಅದು ನಾನು ಎಣಿಸಿರದ ಸಂಗತಿ. ಎದ್ದು ಕೈ ತೊಳೆದುಕೊಂಡು ಬಂದು ಮೊಸರನ್ನ ಕಲಸಿ ಮಹಾನಂದಾಗೆ ತುತ್ತು ಕೊಟ್ಟರು. ಮಗನಿಗೆ ಬಯ್ಯದವರು ಅಂದಿನಿಂದ ಬಯ್ಯತೊಡಗಿದರು. ತಮ್ಮ ಬೋರಮಾಳ ಸರವನ್ನು ಮುಂದೆ ಅವಳ ಕೊರಳಿಗೇ ಹಾಕಿದರು. ಕೊನೆಗಾಲದಲ್ಲಿ ನೀರು ಬೇಡಿದ್ದೂ ಅವಳನ್ನೇ. ನಾನು ಬಹಳ ವರ್ಷ ಇದನ್ನು ಹಿಡಿದುಕೊಂಡು ನನಗೇ ಸಮಾಧಾನ ಹೇಳಿಕೊಂಡೆ — ನನ್ನ ಸುಳ್ಳಿನಿಂದ ಒಬ್ಬ ಅತ್ತೆ ತಾಯಿಯಾದಳಲ್ಲ, ಅದು ಪುಣ್ಯವಲ್ಲವೇ ಎಂದು. ಅಲ್ಲ. ಅತ್ತೆ ಒಳ್ಳೆಯವರಾದದ್ದು ಅವರ ಪುಣ್ಯ. ನನ್ನ ಪಾಲಿಗೆ ಬರುವುದು ಅಕ್ಕಲಕೋಟೆಯ ಆ ಖಾನಾವಳಿ — ದೀಪಾವಳಿಗೆ ಅದು ಬೇರೆಯವರ ಕೈಗೆ ಹೋಯಿತು.

ಮೈದುನ ಆ ಇನ್ನೊಂದು ಮನೆ ಬಿಟ್ಟು ತಿರುಗಿ ಬರಲಿಲ್ಲ. ಬರುವವನೂ ಅಲ್ಲ. ಮಹಾನಂದಾ ರೊಟ್ಟಿ ಬಡಿಯುತ್ತಲೇ ಇದ್ದಳು, ನಾನು ಓದುತ್ತಲೇ ಇದ್ದೆ. ಟಿ.ವಿ. ಬಂದ ಮೇಲೆ ಓದುವುದು ನಿಂತಿತು, ನಾನೂ ಒಲೆಗೆ ಇಳಿದೆ. ಆಮೇಲಾಮೇಲೆ ಉಪ್ಪಿಗೆ, ಹಿಟ್ಟಿಗೆ, ನಲ್ಲಿಯ ನೀರಿಗೆ ಜಗಳ. ಅವಳು ಬಡಿದ ರೊಟ್ಟಿಯ ಪಕ್ಕ ನನ್ನದು ದಪ್ಪ ಕಾಣುತ್ತಿತ್ತು, ಅದಕ್ಕೂ ಜಗಳ. ಆದರೆ ಆ ಮಾತನ್ನು ಅವಳು ಬಿಡಲಿಲ್ಲ. ಓಣಿಯಲ್ಲಿ ಯಾವ ಹೆಣ್ಣು ಕಣ್ಣೀರಿಡುತ್ತ ಬಂದರೂ, "ನಮ್ಮ ದೇವಕ್ಕ ಹೇಳ್ಯಾಳಲ್ಲ, ಮನಿ ಬಿಟ್ಟಾಕಿಗಿ ಅನ್ನ ಸಿಗತೈತಿ, ನೆಳ್ಳ ಸಿಗಂಗಿಲ್ಲ" ಎನ್ನುವಳು. ಎಷ್ಟು ಮಂದಿ ಆ ಮಾತು ಕೇಳಿ ತಿರುಗಿ ನಡೆದರೋ — ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ.

ಈ ಬೇಸಿಗೆಯಲ್ಲಿ ವೈಶಾಲಿ ಗಂಡನ ಮನೆಯಿಂದ ಬಂದಳು. ತೋಳಿನ ಮೇಲೆ ಬೆರಳಿನ ಗುರುತು. ತಿರುಗಿ ಹೋಗುವುದಿಲ್ಲ ಎಂದಳು. ಮಹಾನಂದಾ ಮಗಳ ತೋಳಿಗೆ ಎಣ್ಣೆ ಹಚ್ಚುತ್ತಲೇ ಆ ಮಾತನ್ನು ಹೇಳಿದಳು. ನಾನು ಪಕ್ಕದಲ್ಲೇ ಶೇಂಗಾ ಹುರಿಯುತ್ತಿದ್ದೆ.

"ಆಯಿ, ಅಸಂ ನಾಹೀ ಗ," ಎಂದಳು ವೈಶಾಲಿ. ಅವ್ವಾ, ಹಾಗಿಲ್ಲ ಎಂದು. ಆಮೇಲೆ ಕನ್ನಡಕ್ಕೆ ತಿರುಗಿದಳು. "ಆ ಕಾದಂಬರಿ ಮರಾಠಿದಾಗ ಬಂದೈತಿ. ನಾ ಓದೀನಿ. ದೇವಕ್ಕ ತಿರುಗಿ ಬರಂಗೇ ಇಲ್ಲ. ಗಂಡಗ ಊಟಕ್ಕ ಹಾಕತಾಳ, ಅವನ ತಾಟ ಎಲ್ಲಾ ತಾಟಿನ ಜೋಡಿ ತೊಳೀತಾಳ. ಅದನ್ನ ಓದೇ ನಾ ಆ ಮನಿ ಬಿಟ್ಟು ಎದ್ದು ಬಂದೀನಿ, ಆಯಿ."

ಮಹಾನಂದಾ ನನ್ನ ಕಡೆ ತಿರುಗಿದಳು. "ಅಕ್ಕಾ, ನೀ ಹೇಳು. ಪುಸ್ತಕದಾಗ ಏನೈತಿ?"

ದೇವರು ಇದಕ್ಕಿಂತ ಸುಲಭವಾದ ಪ್ರಶ್ನೆ ಕೇಳಲಾರ. ನಾನು ಸೌಟು ಆಡಿಸುತ್ತಲೇ ಅಂದೆ, "ಮರಾಠಿಗಿ ತಂದವರು ಬದಲಿಸ್ಯಾರ. ಮೂಲದಾಗ ಹಂಗಿಲ್ಲ."

"ಕೇಳಿದಿ? ಮೂಲ ಓದಿದಾಕಿ ಈಕಿ," ಎಂದಳು ಮಹಾನಂದಾ ಮಗಳಿಗೆ. "ನಿಮ್ಮ ದೊಡ್ಡವ್ವ ನನ್ನ ಜೋಡಿ ಜಗಳಾ ಆಡ್ಯಾಳ, ಉಪ್ಪಿನ ಡಬ್ಬಿ ಮುಚ್ಚಿಟ್ಟಾಳ, ಎಲ್ಲಾ ಮಾಡ್ಯಾಳ. ಸುಳ್ಳ ಓದಾಕಿ ಅಲ್ಲ."

ವೈಶಾಲಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ತಿಳಿಯಿತು. "ಆ ಪುಸ್ತಕ ತರ್ರಿ ದೊಡ್ಡವ್ವಾ," ಎಂದಳು. "ಓದಾಕ ಬರವರ ಕಡಿಂದ ಓದಸ್ತೀನಿ."

"ಗೆದ್ದಲ ತಿಂದು ಹೋತು," ಎಂದೆ. ಪುಸ್ತಕ ನನ್ನ ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗಿತ್ತು.

ಮರುದಿನ ವೈಶಾಲಿ ಅಕ್ಕಲಕೋಟೆಯ ಎಸ್.ಟಿ. ಹತ್ತಿದಳು. ಅಲ್ಲಿ ಯಾತ್ರಿಕರಿಗೆ ಅಡಿಗೆ ಮಾಡುವ ಕಡೆ ಕೆಲಸಕ್ಕೆ ನಿಂತಿದ್ದಾಳೆ, ಒಂದು ಖೋಲಿಯಲ್ಲಿ ಒಬ್ಬಳೇ ಇದ್ದಾಳೆ. ಬೀಳ್ಕೊಡಲು ತಾಯಿ ಹೊರಗೆ ಬರಲಿಲ್ಲ. ಮಗಳ ಫೋನ್ ಬಂದರೆ ಮಹಾನಂದಾ ಮೊಬೈಲನ್ನು ಬೋರಲು ಹಾಕಿ ಹಿಟ್ಟು ನಾದುತ್ತಾಳೆ. ಗಂಡನನ್ನು ಬಿಟ್ಟದ್ದಕ್ಕಲ್ಲ ಅವಳ ಸಿಟ್ಟು. ತಾನು ನಂಬಿ ಬದುಕಿದ ಮಾತನ್ನು ಮಗಳು ಸುಳ್ಳು ಎಂದಳಲ್ಲ, ಅದಕ್ಕೆ. ಆ ಮಾತು ಸುಳ್ಳಾದರೆ ಇಷ್ಟು ವರ್ಷ ಒಲೆಯ ಮುಂದೆ ಕೂತದ್ದು ಯಾತಕ್ಕೆ — ಅದನ್ನು ಅವಳು ಕೇಳಿಕೊಳ್ಳಬೇಕಾಗುತ್ತದೆ. ಅದಕ್ಕಿಂತ ಮಗಳನ್ನು ಬಿಡುವುದು ಅವಳಿಗೆ ಸುಲಭ.

ಒಂದೇ ಪುಸ್ತಕ. ಅತ್ತೆಯನ್ನು ಅದು ಮೆತ್ತಗೆ ಮಾಡಿತು. ಮಹಾನಂದಾಳನ್ನು ಕಟ್ಟಿಹಾಕಿತು. ವೈಶಾಲಿಯನ್ನು ಎಬ್ಬಿಸಿ ನಿಲ್ಲಿಸಿತು. ನನಗೇನು ಮಾಡಿತು? ಈ ಮನೆಯಲ್ಲಿ ಅದರ ನಿಜವಾದ ಕೊನೆ ಮೊದಲು ಗೊತ್ತಿದ್ದದ್ದು ನನಗೊಬ್ಬಳಿಗೇ. ಅಷ್ಟು ಗೊತ್ತಿದ್ದೂ ನನಗೆ ದಕ್ಕಿದ್ದು ಒಂದು ಜೋಳದ ಚೀಲ, ಕಿಟಕಿಯ ಗಾಳಿ.

ಇದನ್ನು ಬರೆದಾಯಿತು. ಆದರೆ ಯಾರಿಗೆ ತಪ್ಪು ಮಾಡಿದೆನೋ ಅವಳು ಇದನ್ನು ಓದಲಾರಳು. ನಾನೇ ಓದಿ ಹೇಳಬಹುದು. ಆದರೆ ನನ್ನ ಬಾಯಿಯ ಗುಣ ನನಗೆ ಗೊತ್ತು. ಒಲೆಯ ಮುಂದೆ ಅವಳ ಮುಖ ನೋಡುತ್ತ ಓದಲು ಕೂತರೆ ನಡುವೆ ಎಲ್ಲೋ ಎರಡು ಹಾಳೆ ಸೇರಿಸಿ ತಿರುವಿಯೇನು.

ಅದಕ್ಕೆ ವಾಗದರಿಯಿಂದ ನನ್ನ ತಮ್ಮನ ಹೆಂಡತಿ ಶೋಭಾಳನ್ನು ಕರೆಸಿದ್ದೇನೆ. ಅವಳು ಆಳಂದದ ಕಡೆಯವಳು, ಕನ್ನಡ ಸಾಲಿ ಕಲಿತವಳು. ನನ್ನನ್ನು ಕಂಡರೆ ಅವಳಿಗೆ ಆಗುವುದಿಲ್ಲ. ತವರಿಗೆ ಹೋದಾಗ ನೀರು ಕೊಡುವುದಕ್ಕೂ ಹೊತ್ತು ಮಾಡುವವಳು. ಫೋನಿನಲ್ಲಿ ವಿಷಯ ಹೇಳಿದಾಗ, "ಅಕ್ಕಾರ, ನಿಮಗ ನಾಚಿಕಿ ಬರಂಗ ಓದ್ತೀನ್ರಿ," ಎಂದಳು. ಅದಕ್ಕೇ ಅವಳನ್ನು ಕರೆದದ್ದು.

ನಾಳೆ ಮಧ್ಯಾಹ್ನ ಬರುತ್ತಾಳೆ. ಮೊದಲು ಆ ಕೊನೆಯ ಅಧ್ಯಾಯ, ಆಮೇಲೆ ಇದು. ಪುಸ್ತಕವನ್ನು ಟ್ರಂಕಿನಿಂದ ತೆಗೆದು ಕಿಟಕಿಯ ಬದಿಗೆ, ಚೀಲದ ಮೇಲೆ ಇಟ್ಟಿದ್ದೇನೆ. ಮಹಾನಂದಾ ಬಂದು ನೋಡಿದಳು. ಗೆದ್ದಲು ತಿಂದ ಪುಸ್ತಕ ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಮುಟ್ಟಲೂ ಇಲ್ಲ. ತನ್ನ ಹಂಚು ತೊಳೆದುಕೊಂಡು ಹೋದಳು.

ನಾಳೆ ಓದುವವಳು ಬಡಿಯುವುದಿಲ್ಲ. ಕೇಳುವವಳೂ ಬಡಿಯುವುದು ಬೇಡ. ಇಬ್ಬರ ಪಾಲಿನ ಹಿಟ್ಟನ್ನೂ ನಾನೇ ನಾದುತ್ತೇನೆ.