ಎದುರಿನ ಎಲೆ

ನನ್ನ ಮಗಳಿಗೆ ಹದಿನಾಲ್ಕು. ಹುಟ್ಟಿ ಬೆಳೆದದ್ದೆಲ್ಲ ಕ್ವಾಲಾಲಂಪುರದಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳಿಗೆ ಆಟಿಸಂ ಇರೋದು ಚಿಕ್ಕಂದಿನಿಂದ ಗೊತ್ತಿತ್ತು. ಊಟದ ಕಾಟ ಶುರುವಾದದ್ದು ಈಚೆಗೆ. ಮೊದಲು ಪಲ್ಯ ಬಿಟ್ಟಳು, ಆಮೇಲೆ ಸಾರು, ಆಮೇಲೆ ಮೊಸರು. ಕೊನೆಗೆ ಬರೀ ಅನ್ನ, ಅದೂ ನಾಲ್ಕು ತುತ್ತು.

"ತೆಳ್ಳಗಾಗೋ ಫ್ಯಾಷನ್ನು ಕಣೇ," ಅಂತ ಇಲ್ಲೇ ಬಾಂಗ್ಸಾರಿನಲ್ಲಿರೋ ಗೆಳತಿ ತೀರ್ಪು ಕೊಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ದಪ್ಪಗಾಗ್ತೀನಿ ಅಂತ ಭಯವಾ ಅಂತ ಡಾಕ್ಟರೂ ಕೇಳಿದರು. ಅಲ್ಲ ಅಂದಳು ಮಗಳು. ಒಂದಕ್ಕೊಂದು ತಾಗಿದ ಊಟ ಬಾಯಲ್ಲಿ ಗಲಾಟೆ ಮಾಡುತ್ತಂತೆ. ತಿನ್ನದಿದ್ದರೆ ಒಳಗೆ ನಿಶ್ಶಬ್ದವಂತೆ. ಆಟಿಸಂ ಇರೋ ಮಕ್ಕಳಲ್ಲಿ ಹೀಗೂ ಆಗುತ್ತೆ, ತೂಕ ಇನ್ನೂ ಇಳಿದರೆ ಅಡ್ಮಿಟ್ ಮಾಡಿ ಮೂಗಿಗೆ ಟ್ಯೂಬ್ ಹಾಕಬೇಕಾಗುತ್ತೆ ಅಂದರು ಡಾಕ್ಟರು. ಅಂಗಿಯ ಲೇಬಲ್ಲು ತಾಗಿದರೇ ಒದ್ದಾಡೋ ಹುಡುಗಿ, ಮೂಗಲ್ಲಿ ಟ್ಯೂಬಾ! ಕಾರಲ್ಲಿ ಕೂತು ಗೊಳೋ ಅಂತ ಅತ್ತುಬಿಟ್ಟೆ.

ಅಷ್ಟರಲ್ಲಿ ಗಣೇಶನ ಹಬ್ಬ. ಮಾಂಟ್ ಕಿಯಾರಾದ ಕನ್ನಡದವರೊಬ್ಬರ ಮನೆಯಲ್ಲಿ ಬಾಳೆಎಲೆ ಊಟ. ಮೈಸೂರಿಂದ ಬಂದಿದ್ದ ನನ್ನ ಅತ್ತೆಯೂ ಜೊತೆಗಿದ್ದರು. ನಮ್ಮವರ ಉಪಚಾರ ಗೊತ್ತಲ್ಲ, ಬಡಿಸೋರಿಗೆ ಬೇಡ ಅನ್ನೋ ಮಾತು ಕೇಳಿಸೋದೇ ಇಲ್ಲ. "ಇನ್ನೊಂಚೂರು, ಪುಟ್ಟಿ, ಇನ್ನೊಂಚೂರು," ಅಂತ ಆ ಮನೆಯಾಕೆ, ಮಗಳು ಎಲೆಗೆ ಕೈ ಅಡ್ಡ ಹಿಡಿದರೂ, ಬೆರಳ ಸಂದಿಯಲ್ಲೇ ಹುಳಿ ಸುರಿದರು. ಮಗಳು ಕಿವಿ ಮುಚ್ಚಿಕೊಂಡು ಎದ್ದು ಓಡಿದಳು.

"ಬೇಡ ಅಂದ್ರೆ ಬೇಡ ಕಣ್ರೀ! ಕಣ್ಣು ಕಾಣಲ್ವಾ?" ಅಂತ ಪಂಕ್ತಿ ನಡುವೆಯೇ ಕಿರುಚಿದೆ. ಕಿರುಚಿದ್ದಕ್ಕೆ ನನಗೆ ಎಳ್ಳಷ್ಟೂ ಬೇಜಾರಿಲ್ಲ. ಆದರೆ ಅವತ್ತಿಂದ ಆ ನಾಲ್ಕು ತುತ್ತೂ ನಿಂತಿತು. ಒಂದು ಲೋಟ ಹಾಲು ಕುಡಿದು ಮಲಗಿಬಿಡುತ್ತಿದ್ದಳು.

ಹಬ್ಬ ಆದ ಮೇಲಿನ ಭಾನುವಾರ ಅತ್ತೆ ನೆಲದ ಮೇಲೆ ಎದುರುಬದುರು ಎರಡು ಎಲೆ ಹಾಕಿದರು. ಎರಡಕ್ಕೂ ಬರೀ ಅನ್ನ.

"ನೀನು ಕೇಳದೆ ನಿನ್ನ ಎಲೆಗೆ ನಾನೇನೂ ಹಾಕಲ್ಲ, ಪುಟ್ಟಿ. ಸಾಕು ಅನಿಸಿದಾಗ ಎಲೆ ಮಡಚಿಬಿಡು. ಪಂಕ್ತಿಯಲ್ಲಿ ಒಬ್ಬರಿಗೊಬ್ಬರು ಕಾಯಬೇಕು, ಅಲ್ಲೀತನಕ ನಾನೂ ಏಳಲ್ಲ," ಅಂದರು.

ನಿಯಮ ಅಂದರೆ ನಮ್ಮ ಹುಡುಗಿಗೆ ಪ್ರಾಣ. ಬಂದು ಕೂತಳು. ಒಂದೊಂದೇ ಅಗುಳು ಬಾಯಿಗಿಟ್ಟುಕೊಂಡಳು. ಅತ್ತೆಯ ಊಟ ಮುಗಿದು ಕೈ ಒಣಗಿತು. ಅವರಿಗೆ ಮೊದಲೇ ಮಂಡಿ ನೋವು, ಆದರೂ ಅಲ್ಲಾಡಲಿಲ್ಲ, ಮಗಳ ಎಲೆಯ ಕಡೆ ನೋಡಲೂ ಇಲ್ಲ. "ತಿನ್ನಮ್ಮಾ" ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಸುಮ್ಮನಿರು ಅಂತ ಅತ್ತೆ ಕಣ್ಣಲ್ಲೇ ಗದರಿದರು.

"ಅಜ್ಜಿ," ಅಂದಳು ಮಗಳು. "ಇನ್ನೊಂಚೂರು."

ಕನ್ನಡದಲ್ಲಿ! ನನಗೆ ಕುಣಿಯೋ ಹಾಗಾಯಿತು. ಅತ್ತೆ ಏನೂ ಆಗದವರಂತೆ ಎಡಗೈಯಲ್ಲಿ ಸೌಟು ಹಿಡಿದು, ಹಳೇ ಅನ್ನಕ್ಕೆ ತಾಗದ ಹಾಗೆ ಸ್ವಲ್ಪ ಬಡಿಸಿದರು. ಮಗಳು ಕೈ ಅಡ್ಡ ಹಿಡಿದಳು. ಸೌಟು ಅಲ್ಲೇ ನಿಂತಿತು.

ಅವತ್ತಿಂದ ದಿನಾ ಎದುರುಬದುರು ಎಲೆ. ಡಾಕ್ಟರ ಮುಂದಿನ ಭೇಟಿಯಲ್ಲಿ ತೂಕ ಇಳಿದಿರಲಿಲ್ಲ. ಟ್ಯೂಬು ತಪ್ಪಿತು. ಕಾಯಿಲೆ ಹೋಗಿಲ್ಲ, ಡಾಕ್ಟರ ಹತ್ತಿರ ಓಡಾಟ ನಡೆದೇ ಇದೆ. ಅತ್ತೆ ಮೈಸೂರಿಗೆ ಹೋದ ಮೇಲೆ ಎದುರಿನ ಎಲೆ ನನ್ನದು. ಹೋದ ಭಾನುವಾರ ನನ್ನ ಎಲೆ ಖಾಲಿಯಾದದ್ದು ನೋಡಿ ಮಗಳೇ ಸೌಟು ತಗೊಂಡಳು.

"ಇನ್ನೊಂಚೂರು, ಅಮ್ಮಾ?" ಅಂದಳು. ಅಂದು, ನಾನು ಉತ್ತರ ಕೊಡೋ ತನಕ ಸೌಟು ಹಾಗೇ ಹಿಡಿದು ಕಾದಳು.