ದೇವಿರಮ್ಮನ ಹೆಸರಿನ ಮನೆ

ಸರ್ಕಾರದ ಲೆಕ್ಕದಲ್ಲಿ ದೇವಿರಮ್ಮನಿಗೆ ಮನೆ ಇತ್ತು. ಅವಳು ಮಲಗುತ್ತಿದ್ದದ್ದು ಮಾತ್ರ ಬೆಳಕವಾಡಿ ಕಡೆಯ ತವರೂರಿನಲ್ಲಿ, ಅಣ್ಣನ ಹಿತ್ತಿಲಿನ ತಗಡಿನ ಕೊಟ್ಟಿಗೆಯೊಳಗೆ. ಗಂಡ ಕೆಂಪಸಿದ್ದಯ್ಯ ಬೆಟ್ಟಮ್ಮನನ್ನು ಕಟ್ಟಿಕೊಂಡಾಗ, ಪೂರಿಗಾಲಿ ಬಿಟ್ಟು ಕೂಸನ್ನೆತ್ತಿಕೊಂಡು ಬಂದವಳು. ಕಬ್ಬಿನ ಗದ್ದೆಯಲ್ಲಿ ದುಡಿದೇ ಆ ಮಗಳನ್ನು ಬೆಳೆಸಿ ಗಂಡನ ಮನೆಗೆ ಕಳಿಸಿದ್ದಳು.

ಮನೆಗೆಂದು ಅರ್ಜಿ ಹಾಕಿದಾಗಲೆಲ್ಲ ಅವಳ ಹೆಸರು ಬಿದ್ದುಹೋಗುತ್ತಿತ್ತು. ಕಾರಣ ಹೇಳಿದವಳು ಪಂಚಾಯ್ತಿಗೆ ಹೊಸದಾಗಿ ಬಂದ ಅಧಿಕಾರಿ ರಂಜಿತ.

"ಪೂರಿಗಾಲೀಲಿ ನಿಮ್ಮ ಹೆಸರಿಗೇ ಮನೆ ಆಗಿದೆಯಲ್ಲಮ್ಮ. ಒಂದು ಕುಟುಂಬಕ್ಕೆ ಒಂದೇ ಸಲ."

ಮನೆ ಹೆಂಡತಿಯ ಹೆಸರಿಗಾಗಬೇಕೆಂಬ ನಿಯಮಕ್ಕೆ ಕೆಂಪಸಿದ್ದಯ್ಯ, ಕಾಗದದಲ್ಲಿ ಇನ್ನೂ ಹೆಂಡತಿಯಾಗಿದ್ದ, ತಾನು ಬಿಟ್ಟವಳ ಹೆಸರನ್ನೇ ಬರೆಸಿದ್ದ.

"ಆ ಮನೆ ಬಾಗ್ಲು ಯಾವ ದಿಕ್ಕಿಗೈತೆ ಅಂತ್ಲೂ ನಾ ಕಾಣೆ ಕಣವ್ವ."

"ಬೇರೆಯಾಗಿರೋದಕ್ಕೆ ಕೋರ್ಟಿನ ಪತ್ರ ಇದೆಯಾ?"

"ಬುಟ್ಟೋದೋನು ಪತ್ರ ಕೊಟ್ಟೋದಾನಾ?"

ರಂಜಿತ ಅರ್ಜಿಯನ್ನು ಪಕ್ಕಕ್ಕೆ ತೆಗೆದಿಟ್ಟು, ಅವಳು ಅಲ್ಲಿಲ್ಲವೆಂದು ಆ ಮನೆಯಲ್ಲಿರುವವರೇ ಗ್ರಾಮಸಭೆಗೆ ಬಂದು ಹೇಳಿದರೆ ತಾಲ್ಲೂಕಿಗೆ ಬರೆಯಬಹುದು ಎಂದಳು.

ದೇವಿರಮ್ಮ ಪೂರಿಗಾಲಿಗೆ ಹೋದಳು. ಕೆಂಪಸಿದ್ದಯ್ಯ ಲಕ್ವ ಹೊಡೆದು, ಮಾತು ನಿಂತು, ಮೂಲೆ ಹಿಡಿದಿದ್ದ. ಬೈಯಲೆಂದು ಕೂಡಿಟ್ಟುಕೊಂಡಿದ್ದ ಮಾತು ಬಿಟ್ಟು, ಗ್ರಾಮಸಭೆಗೆ ಬಾ ಎಂದು ಬೆಟ್ಟಮ್ಮನನ್ನು ಕೇಳಿದಳು. ಬೆಟ್ಟಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನಾ ಬಂದು ಯೋಳುದ್ರೆ ಈ ಮನೆ ಕಿತ್ಕೊಂಡ್ರೆ? ಇವ್ರುನ್ನ ಕಟ್ಕೊಂಡು ಎಲ್ಲಿಗೋಗ್ಲಿ?"

"ನಿನ್ ಮನೆ ನಂಗ್ಯಾಕಮ್ಮ. ಅದು ನಂದಲ್ಲ ಅಂತ ಯೋಳು, ಸಾಕು."

ಬೆಟ್ಟಮ್ಮ ಒಪ್ಪದೆ ಒಳಗೆ ಹೋದಳು. ಆದರೂ ಗ್ರಾಮಸಭೆಯ ದಿನ ಬಸ್ಸಿಳಿದು ಬಂದಳು. ಸೆರಗು ಹೊದ್ದು ಎದ್ದುನಿಂತು, "ಆ ಮನೇಲಿರೋಳು ನಾನು. ಈವಮ್ಮ ಅದ್ರ ಒಸ್ಲು ತುಳ್ದಿಲ್ಲ" ಎಂದಳು.

"ಇಬ್ರು ಎಂಡ್ರೂ ಒಟ್ಗೇ ಬಂದವ್ರೆ ಕಣ್ಲಾ!" ಹಿಂದಿನಿಂದ ಯಾರೋ ಅಂದರು. ಸಭೆ ನಕ್ಕಿತು. ಒಂದು ಸೂರಿಗಾಗಿ ಬಾಳನ್ನೆಲ್ಲ ಊರ ಮುಂದೆ ಬಿಚ್ಚಿಡಬೇಕಾಯಿತಲ್ಲ ಎಂದು ದೇವಿರಮ್ಮ ನೆಲ ನೋಡುತ್ತ ಕೂತಳು.

ಆಮೇಲೂ ಮಳವಳ್ಳಿಯ ತಾಲ್ಲೂಕು ಕಚೇರಿಗೆ ತಿರುಗಿದ್ದೇ ತಿರುಗಿದ್ದು. ಒಂದು ಕಡೆ ಆಧಾರ್ ಕೇಳಿದರೆ ಇನ್ನೊಂದು ಕಡೆ ಅವಳೊಬ್ಬಳದೇ ರೇಷನ್ ಕಾರ್ಡು ಕೇಳಿದರು. ಅಂತೂ ಮಂಜೂರಾಗಿ, ಅಣ್ಣ ಬಿಟ್ಟುಕೊಟ್ಟ ಹಿತ್ತಿಲಿನಲ್ಲೇ ಗೋಡೆ ಎದ್ದಿತು. ಅಷ್ಟರಲ್ಲಿ ಅವಳ ಮಂಡಿ ಸವೆದು, ಗದ್ದೆಗಿಳಿಯುವುದು ನಿಂತುಹೋಗಿತ್ತು.

ತಾರಸಿ ಹಾಕಿದ ಮೇಲೆ ರಂಜಿತ ಫೋಟೋ ತೆಗೆಯಲು ಬಂದಳು. ಫಲಾನುಭವಿ ಮನೆಯ ಮುಂದೆ ನಿಲ್ಲಲೇಬೇಕಿತ್ತು.

"ಸ್ವಲ್ಪ ನಗಿಯಮ್ಮ."

"ನಾ ನಿಂತಿವ್ನಲ್ಲ, ತಕ್ಕೊಳವ್ವ," ಎಂದಳು ದೇವಿರಮ್ಮ, ಹಸಿ ಗೋಡೆಗೆ ಕೈಯೂರಿಕೊಂಡು.